ಶಬ್ದಾಕುಲಿತ ಕ್ಷಮೆ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಮಹಾಪರ್ವವನ್ನು ಆಚರಿಸಿ, ಉತ್ತಮ ಕ್ಷಮೆಯಿಂದ ಉತ್ತಮ ಬ್ರಹ್ಮಚರ್ಯದವರೆಗಿನ ಹತ್ತು ಧರ್ಮಗಳನ್ನು ದಿನಕ್ಕೊಂದರಂತೆ ಮನನ ಮಾಡಿದ ಶ್ರಾವಕ-ಶ್ರಾವಿಕೆಯರು, ಹುಣ್ಣಿಮೆಯ ಮರುದಿನ ಕ್ಷಮಾವಣಿಯನ್ನು ಆಚರಿಸುವುದು ದಿಗಂಬರ ಆಮ್ನಾಯದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಶ್ವೇತಾಂಬರ ಬಂಧುಗಳು ಪರ್ಯೂಷಣದ ಕೊನೆಯ ದಿನವಾದ ಸಂವತ್ಸರಿಯಂದು ‘ಮಿಚ್ಛಾಮಿ ದುಕ್ಕಡಂ’ ಎಂದು ಪರಸ್ಪರ ಕ್ಷಮೆ ಯಾಚಿಸುತ್ತಾರೆ. ತಿಥಿ ಬೇರೆ, ಮಾತು ಬೇರೆ, ಉದ್ದೇಶ ಒಂದೇ. ವರ್ಷವಿಡೀ ಕಟ್ಟಿಕೊಂಡ ವೈರದ ಗಂಟನ್ನು, ಅದು ಬಿಗಿಯಾಗಿ ಕಗ್ಗಂಟಾಗುವ ಮೊದಲೇ, ಬಿಚ್ಚಿಬಿಡುವುದು.

ಈಚಿನ ವರ್ಷಗಳಲ್ಲಿ ಈ ಪವಿತ್ರ ಆಚರಣೆಯ ಬಹುಭಾಗವು ಬಸದಿಯ ಅಂಗಳದಿಂದ ಮೊಬೈಲ್ ದೂರವಾಣಿಯ ಪರದೆಗೆ ಸ್ಥಳಾಂತರಗೊಂಡಿದೆ. ಹಿಂದಿನ ರಾತ್ರಿಯಿಂದಲೇ ವಾಟ್ಸ್ಯಾಪಿನಲ್ಲಿ ಕೈಮುಗಿದ ಚಿತ್ರಗಳು, ಕಮಲದ ಹೂವುಗಳು, ಅಲಂಕೃತ ಅಕ್ಷರಗಳಲ್ಲಿ ಬರೆದ ಕ್ಷಮಾಯಾಚನೆಗಳು ಹರಿದುಬರಲು ತೊಡಗುತ್ತವೆ. ಒಬ್ಬರು ಕಳುಹಿಸಿದುದನ್ನು ಇನ್ನೊಬ್ಬರು, ಅವರು ಕಳುಹಿಸಿದುದನ್ನು ಮತ್ತೊಬ್ಬರು ಮುಂದಕ್ಕೆ ಸಾಗಿಸುತ್ತಾರೆ. ಕೆಲವು ಚಿತ್ರಗಳ ಕೆಳತುದಿಯಲ್ಲಿ ಕಳುಹಿಸಿದವರ ಹೆಸರಿನ ಬದಲು ಯಾವುದೋ ಊರಿನ ಯಾವುದೋ ಕುಟುಂಬದ ಹೆಸರೋ, ಆಭರಣದ ಅಂಗಡಿಯ ವಿಳಾಸವೋ ಉಳಿದುಬಿಟ್ಟಿರುತ್ತದೆ. ಅಪರಾಧ ಒಬ್ಬರದು, ಕ್ಷಮೆ ಕೇಳುವವರು ಇನ್ನೊಬ್ಬರು ಎಂಬಂತಾಗುತ್ತದೆ. ಪಡೆದವರು ಅದನ್ನು ಓದುವುದೂ ಇಲ್ಲ. ತಮ್ಮ ಬಳಿ ಬಂದ ಮತ್ತೊಂದು ಚಿತ್ರವನ್ನು ಪ್ರತಿಯಾಗಿ ರವಾನಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದೂರವಾಣಿಯ ಸ್ಮರಣಕೋಶ ತುಂಬುತ್ತದೆ. ಸಂಜೆ ಎಲ್ಲವನ್ನೂ ಒಟ್ಟಿಗೆ ಅಳಿಸಿಹಾಕುವ ಕೆಲಸ ಮೊದಲಾಗುತ್ತದೆ.

ಇದನ್ನು ಕಾಲದ ಮಹಿಮೆಯೆಂದು ನಕ್ಕು ಬಿಡಬಹುದಾಗಿತ್ತು. ಆದರೆ ಶಾಸ್ತ್ರಕಾರರು ಈ ದೋಷವನ್ನು ಮೊದಲೇ ಗುರುತಿಸಿ ಹೆಸರಿಟ್ಟಿದ್ದಾರೆ ಎಂಬುದು ಗಮನಾರ್ಹ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಆಧಾರವಾದ ಗಾಹೆಗಳಿರುವ ಭಗವತೀ ಆರಾಧನೆಯಲ್ಲಿ, ಗುರುವಿನ ಮುಂದೆ ದೋಷವನ್ನು ನಿವೇದಿಸುವ ಆಲೋಚನೆಗೆ ಹತ್ತು ಕಳಂಕಗಳನ್ನು ಹೇಳಿದೆ. ಇತರರು ಕಂಡ ತಪ್ಪನ್ನು ಮಾತ್ರ ಒಪ್ಪಿಕೊಂಡು ಕಾಣದುದನ್ನು ಬಚ್ಚಿಡುವುದು ‘ದೃಷ್ಟ’ ದೋಷ. ದೊಡ್ಡದನ್ನು ಹೇಳಿ ಸಣ್ಣದನ್ನು ಮರೆಮಾಚುವುದು ‘ಬಾದರ’. ಈ ಸಾಲಿನಲ್ಲಿಯೇ ಬರುವ ಇನ್ನೊಂದು ಹೆಸರು ‘ಶಬ್ದಾಕುಲಿತ’. ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಪ್ರತಿಕ್ರಮಣದ ದಿನ ಸಂಘದ ಯತಿಗಳೆಲ್ಲರೂ ಒಟ್ಟಾಗಿ ದೋಷನಿವೇದನೆ ಮಾಡುವಾಗ ಗದ್ದಲವೇಳುವುದು ಸಹಜ. ಆ ಗದ್ದಲವನ್ನೇ ಕಾದಿದ್ದು, ಗುರುವಿನ ಕಿವಿಗೆ ಸ್ಪಷ್ಟವಾಗಿ ಬೀಳದಂತೆ, ಹೇಳಿದಂತೆಯೂ ಆಯಿತು ಕೇಳಿಸದಂತೆಯೂ ಆಯಿತು ಎಂಬ ರೀತಿಯಲ್ಲಿ ತನ್ನ ತಪ್ಪನ್ನು ಗೊಣಗಿ ಮುಗಿಸುವುದೇ ಶಬ್ದಾಕುಲಿತ ದೋಷ. ಯತಿಗಳಿಗೆ ಹೇಳಿದ ಈ ಮಾತು ಗೃಹಸ್ಥರ ಇಂದಿನ ಕ್ಷಮಾವಣಿಗೆ ಇಷ್ಟು ಯಥಾವತ್ತಾಗಿ ಹೊಂದಿಕೊಳ್ಳುವುದನ್ನು ಕಂಡಾಗ, ಮನುಷ್ಯ ಸ್ವಭಾವವನ್ನು ಪೂರ್ವಾಚಾರ್ಯರು ಎಷ್ಟು ನಿಕಟವಾಗಿ ಬಲ್ಲವರಾಗಿದ್ದರೆಂಬುದು ಅರಿವಾಗುತ್ತದೆ.

ಹಾಗೆಂದು ಎದುರುಬದುರು ನಿಂತು ಕೇಳಿದ ಕ್ಷಮೆ ಮಾತ್ರ ಕ್ಷಮೆ, ಬರೆದು ಕಳುಹಿಸಿದ್ದು ಕ್ಷಮೆಯಲ್ಲ ಎಂಬ ವಾದ ನಿಲ್ಲುವಂಥದಲ್ಲ. ಗುಜರಾತ್, ರಾಜಸ್ಥಾನಗಳ ಶ್ವೇತಾಂಬರ ಸಂಘಗಳು ದೂರದ ಊರಿನಲ್ಲಿದ್ದ ಆಚಾರ್ಯರಿಗೆ ಚಿತ್ರಖಚಿತವಾದ ನೀಳ ಸುರುಳಿಗಳನ್ನು ಕಳುಹಿಸುತ್ತಿದ್ದವು. ಇವಕ್ಕೆ ವಿಜ್ಞಪ್ತಿಪತ್ರಗಳೆಂದು ಹೆಸರು. ಮುಂದಿನ ಚಾತುರ್ಮಾಸಕ್ಕೆ ಆಹ್ವಾನವೂ ಕಳೆದ ವರ್ಷದ ತಪ್ಪುಗಳಿಗೆ ಕ್ಷಮಾಯಾಚನೆಯೂ ಅವುಗಳಲ್ಲಿ ಕೂಡಿರುತ್ತಿದ್ದವು. 1610ರಲ್ಲಿ ಆಗ್ರಾದ ಸಂಘವು ವಿಜಯಸೇನ ಸೂರಿಗಳಿಗೆ ಕಳುಹಿಸಿದ, ಶಾಲಿವಾಹನನೆಂಬ ಚಿತ್ರಕಾರ ಬರೆದ ಪತ್ರವು ಇಂದಿಗೂ ಕಲಾ ಇತಿಹಾಸಕಾರರ ಅಭ್ಯಾಸದ ವಸ್ತು. ಕಳೆದ ಶತಮಾನದಲ್ಲಿ ವ್ಯಾಪಾರಿ ಕುಟುಂಬಗಳು ಅಚ್ಚು ಹಾಕಿಸಿದ ಅಂಚೆ ಕಾರ್ಡುಗಳನ್ನು ನೂರುಗಟ್ಟಲೆ ಕಳುಹಿಸುತ್ತಿದ್ದುದೂ ಉಂಟು. ಅಲ್ಲಿಯೂ ಒಕ್ಕಣೆ ಎಲ್ಲರಿಗೂ ಒಂದೇ. ಆದರೆ ವಿಳಾಸವನ್ನು ಕೈಯಿಂದಲೇ ಬರೆಯಬೇಕಾಗಿತ್ತು. ಒಂದೊಂದು ವಿಳಾಸ ಬರೆಯುವಾಗಲೂ ಆ ವ್ಯಕ್ತಿಯ ಮುಖ ಕಣ್ಣಮುಂದೆ ಸುಳಿಯುತ್ತಿತ್ತು. ಬಾಕಿ ಉಳಿಸಿಕೊಂಡವನೋ, ಮಾತು ಬಿಟ್ಟವನೋ, ಹೆಣ್ಣು ಕೊಟ್ಟ ಮನೆಯವನೋ ಎಂಬ ನೆನಪು ಬರುತ್ತಿತ್ತು. ಕೆಲವು ಕಾರ್ಡುಗಳ ಮೇಲೆ ಲೇಖನಿ ಒಂದು ಕ್ಷಣ ತಡೆದು ನಿಲ್ಲುತ್ತಿತ್ತು. ಆ ತಡೆಯಲ್ಲಿಯೇ ಕ್ಷಮಾಧರ್ಮದ ಅರ್ಧ ಕೆಲಸ ನಡೆದುಹೋಗುತ್ತಿತ್ತು. ಈಗ ತಪ್ಪಿಹೋಗಿರುವುದು ಅದು, ಕಾಗದವಲ್ಲ.

ವಾಟ್ಸ್ಯಾಪಿನಲ್ಲಿ ‘ಬ್ರಾಡ್‌ಕಾಸ್ಟ್’ ಎಂಬ ಒಂದು ಅನುಕೂಲವಿದೆ. ಒಂದೇ ಸಂದೇಶವನ್ನು 256 ಮಂದಿಯ ಒಂದು ಪಟ್ಟಿಗೆ ಒಮ್ಮೆಗೇ ಕಳುಹಿಸಬಹುದು. ಪಡೆದವರಿಗೆ ಅದು ತಮಗೊಬ್ಬರಿಗೇ ಬಂದಂತೆ ತೋರುತ್ತದೆ. ಕ್ಷಮಾವಣಿಯ ದಿನ ಇದನ್ನು ಬಳಸುವವರು ಬಹಳ. ಆದರೆ ಈ ಯಂತ್ರಕ್ಕೊಂದು ನಿಯಮವುಂಟು. ಕಳುಹಿಸುವವರ ಸಂಖ್ಯೆಯನ್ನು ಯಾರು ತಮ್ಮ ದೂರವಾಣಿಯಲ್ಲಿ ಉಳಿಸಿಕೊಂಡಿರುವರೋ ಅವರಿಗೆ ಮಾತ್ರ ಆ ಸಂದೇಶ ತಲಪುತ್ತದೆ. ಮನನೊಂದು ಸಂಖ್ಯೆಯನ್ನು ಅಳಿಸಿಹಾಕಿದವರಿಗೆ ತಲಪುವುದಿಲ್ಲ. ಅಂದರೆ, ಯಾರ ಬಳಿ ಕ್ಷಮೆ ಕೇಳಬೇಕಾದ ಅಗತ್ಯ ಅತ್ಯಂತ ಹೆಚ್ಚಾಗಿದೆಯೋ ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಕ್ಷಮೆ ತಲಪುವ ವ್ಯವಸ್ಥೆಯಿದು. ತಂದೆಯ ಅಂಗಡಿಯ ಪಾಲಿನ ವಿಷಯದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಇಬ್ಬರು ಅಣ್ಣತಮ್ಮಂದಿರು ಒಂದೇ ದಿನ ಇನ್ನೂರು-ಇನ್ನೂರು ಜನರಿಗೆ ಕ್ಷಮೆ ಹಂಚಿ, ಪರಸ್ಪರ ಒಂದು ಮಾತನ್ನೂ ಆಡದೆ ಕ್ಷಮಾವಣಿಯನ್ನು ಕಳೆಯುವುದಕ್ಕೆ ಈಗ ಯಾವ ಅಡ್ಡಿಯೂ ಇಲ್ಲ.

ಇದರಿಂದಾಗುವ ಹಾನಿ ಸಾಮಾನ್ಯವಾದುದಲ್ಲ. ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಕಷಾಯಗಳ ವಾಸನಾಕಾಲವನ್ನು ಗೊತ್ತುಮಾಡಿದ್ದಾರೆ. ಸಂಜ್ವಲನದ ವಾಸನೆ ಅಂತರ್ಮುಹೂರ್ತ ಮಾತ್ರ. ಪ್ರತ್ಯಾಖ್ಯಾನದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನದ್ದು ಆರು ತಿಂಗಳು. ಅದನ್ನೂ ಮೀರಿ ಉಳಿದದ್ದು ಅನಂತಾನುಬಂಧಿ, ಭವಭವಾಂತರಕ್ಕೆ ಬೆನ್ನುಹತ್ತಿ ಬರುವಂಥದು, ಸಮ್ಯಗ್ದರ್ಶನವನ್ನೇ ಘಾತಿಸುವಂಥದು. ವರ್ಷವರ್ಷವೂ ತಪ್ಪದೆ ಕ್ಷಮಾವಣಿಯ ಚಿತ್ರಗಳನ್ನು ಕಳುಹಿಸಿ, ಒಬ್ಬ ದಾಯಾದಿಯ ಮೇಲಣ ಕ್ರೋಧವನ್ನು ಹತ್ತು ವರ್ಷ ಕಾಪಾಡಿಕೊಂಡುಬಂದ ಶ್ರಾವಕನ ಸ್ಥಿತಿ ಏನೆಂಬುದನ್ನು ಸುಜ್ಞ ವಾಚಕರೇ ಊಹಿಸಬಹುದು.

ಕ್ಷಮೆಯ ಪ್ರಶ್ನೆ ಒಂದು ದಿನದ್ದು. ಆದರೆ ಆ ಕ್ಷಮೆಗೆ ಕಾರಣವಾಗುವ ವಾಗ್ದೋಷಗಳು ಉಳಿದ ದಿನಗಳಲ್ಲಿ ಹುಟ್ಟುತ್ತವೆ. ಅವುಗಳ ದೊಡ್ಡ ಪಾಲು ಈಗ ಹುಟ್ಟುವುದು ಇದೇ ಪರದೆಯ ಮೇಲೆ. ಅಲ್ಲಿ ಬಹು ಪ್ರಚಲಿತವಾದ ಒಂದು ಮಾತೆಂದರೆ ‘ಬಂದದ್ದನ್ನು ಹಾಗೆಯೇ ಕಳುಹಿಸಿದ್ದೇನೆ’ ಎಂಬುದು. ‘ಫಾರ್ವರ್ಡೆಡ್ ಆ್ಯಸ್ ರಿಸೀವ್ಡ್’ ಎಂದು ಅಡಿಯಲ್ಲಿ ಬರೆದುಬಿಟ್ಟರೆ ಹೊಣೆ ಮುಗಿಯಿತೆಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ಹುಂಡಿಯ ವ್ಯವಹಾರ ಬಲ್ಲ ಮನೆತನಗಳಿಗೆ ಈ ಮಾತು ಹೊಸದಲ್ಲ. ಹುಂಡಿಯ ಬೆನ್ನಿಗೆ ಸಹಿ ಹಾಕಿ ಮುಂದಿನವನಿಗೆ ದಾಟಿಸಿದವನು ಅದನ್ನು ತಾನು ಬರೆದವನಲ್ಲವೆಂದು ನುಣುಚಿಕೊಳ್ಳುವಂತಿಲ್ಲ. ಹಣ ಹುಟ್ಟದೆ ಹೋದಲ್ಲಿ ಸಹಿ ಹಾಕಿದ ಪ್ರತಿಯೊಬ್ಬನೂ ಮುಂದಿನವನಿಗೆ ಉತ್ತರವಾದಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯಲ್ಲಿಯೂ ತತ್ತ್ವ ಇದೇ. ‘ನನ್ನ ಮೇಲೆ ಹೊಣೆಯಿಲ್ಲ’ ಎಂದು ಸ್ಪಷ್ಟವಾಗಿ ಬರೆದು ಸಹಿ ಮಾಡಿದರೆ ಮಾತ್ರ ಕಾಯಿದೆ ಬಿಟ್ಟುಕೊಡುತ್ತದೆ. ಆದರೆ ಅಂಥ ಷರಾ ಕಂಡ ಕಾಗದವನ್ನು ಯಾವ ಸಾಹುಕಾರನೂ ಸಂಶಯವಿಲ್ಲದೆ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಅಂಗಡಿಯಲ್ಲಿ ಇಷ್ಟು ಜಾಗರೂಕನಾದ ಮನುಷ್ಯನು ಮನೆಗೆ ಬಂದು ದೂರವಾಣಿ ಹಿಡಿದೊಡನೆ, ಮೂಲ ತಿಳಿಯದ ಕಾಗದಗಳಿಗೆ ಸಾಲುಸಾಲಾಗಿ ಸಹಿ ಹಾಕತೊಡಗುತ್ತಾನೆ.

ಕರ್ಮಸಿದ್ಧಾಂತದಲ್ಲಂತೂ ಹೊಣೆಯಿಲ್ಲದ ಸಹಿಗೆ ಅವಕಾಶವೇ ಇಲ್ಲ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮೋದಿತ ಎಂಬ ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಇವನ್ನು ಗುಣಿಸಿದಾಗ ಬರುವ 108 ಭೇದಗಳು ಜೀವಾಧಿಕರಣದ ಆಸ್ರವದ್ವಾರಗಳೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಜಪಮಾಲೆಯ 108 ಮಣಿಗಳಿಗೂ ಈ ಲೆಕ್ಕವನ್ನೇ ಹಿರಿಯರು ಕಾರಣವಾಗಿ ಹೇಳುವುದುಂಟು. ಸುಳ್ಳನ್ನು ರಚಿಸಿದ್ದು ಕೃತ. ಇನ್ನೊಬ್ಬರು ಹರಡುವಂತೆ ದಾಟಿಸಿದ್ದು ಕಾರಿತ. ಹೆಬ್ಬೆರಳಿನ ಚಿಹ್ನೆ ಒತ್ತಿ ಮೆಚ್ಚಿದ್ದು ಅನುಮೋದಿತ. ಫೇಸ್‌ಬುಕ್ ಸಂಸ್ಥೆಯವರು 2009ರಲ್ಲಿ ‘ಲೈಕ್’ ಗುಂಡಿಯನ್ನು ಜೋಡಿಸಿದಾಗ ಅವರಿಗೆ ಇದೊಂದು ಸಣ್ಣ ಅನುಕೂಲವೆನಿಸಿರಬೇಕು. ಅನುಮೋದನೆಯನ್ನೂ ಕರ್ಮವೆಂದೇ ಎಣಿಸುವ ಒಂದು ಧರ್ಮದವರು ಆ ಗುಂಡಿಯ ಮುಂದೆ ಇತರರಿಗಿಂತ ಹೆಚ್ಚು ಹೊತ್ತು ಯೋಚಿಸಬೇಕಾಗಿತ್ತು. ಯೋಚಿಸಿದ ಕುರುಹು ಕಾಣುತ್ತಿಲ್ಲ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳು ದೇಶದ ಹಲವೆಡೆ ಹರಡಿದವು. ಆ ವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದಿದ್ದ ಯುವಕನೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು. ರಾಜಸ್ಥಾನ ಮೂಲದ ಎಷ್ಟೋ ಜೈನ ಕುಟುಂಬಗಳ ಅಂಗಡಿಗಳಿರುವ ಚಿಕ್ಕಪೇಟೆ ಅಲ್ಲಿಂದ ಹೆಚ್ಚು ದೂರವಿಲ್ಲ. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಶಾಲಾಮಕ್ಕಳಿಗೆ ಚಾಕೊಲೇಟ್ ಹಂಚಿದುದನ್ನೇ ಅಪರಾಧವೆಂದು ಬಗೆದು, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ತಂಡವೊಂದರ ದೃಶ್ಯವನ್ನು ವಾಟ್ಸ್ಯಾಪಿನಲ್ಲಿ ಮುಂದಿನ ಊರಿಗೆ ದಾಟಿಸಲಾಯಿತು. ಅವರ ಕಾರು ಮುರ್ಕಿ ಗ್ರಾಮವನ್ನು ತಲಪುವ ಮೊದಲೇ ಸುಳ್ಳು ತಲಪಿತ್ತು. ಯುವ ಎಂಜಿನಿಯರ್ ಒಬ್ಬರು ಅಲ್ಲಿ ಪ್ರಾಣ ಕಳೆದುಕೊಂಡರು. ಅಂಥ ಸಂದೇಶಗಳನ್ನು ದಾಟಿಸಿದವರಲ್ಲಿ ಬಹುಮಂದಿ ಕಲ್ಲು ಎತ್ತಿದವರಲ್ಲ. ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದ, ನೆರೆಯವರಿಗೂ ಎಚ್ಚರವಿರಲಿ ಎಂದು ದಾಟಿಸಿದವರು. ಅನರ್ಥದಂಡವ್ರತದ ಅತಿಚಾರಗಳಲ್ಲಿ ಪ್ರಯೋಜನವಿಲ್ಲದ ವಾಚಾಳತೆಗೆ ‘ಮೌಖರ್ಯ’ವೆಂದೂ, ಹಿಂದುಮುಂದು ವಿಚಾರಿಸದೆ ಮಾಡಿದ ಕಾರ್ಯಕ್ಕೆ ‘ಅಸಮೀಕ್ಷ್ಯಾಧಿಕರಣ’ವೆಂದೂ ಹೆಸರು. ರಾತ್ರಿ ಭೋಜನದಲ್ಲಿ ಕಾಣದ ಜೀವ ಸತ್ತೀತೆಂದು ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಲ್ಲಿ, ಊಟವಾದ ಮೇಲೆ ಒತ್ತಿದ ಒಂದು ಗುಂಡಿಯಿಂದ ಪಂಚೇಂದ್ರಿಯ ಜೀವಕ್ಕೆ ಏನಾದೀತೆಂಬ ವಿಚಾರ ಏಕೆ ಬರಬಾರದು?

ಆ ಜುಲೈ ತಿಂಗಳಿನಲ್ಲಿಯೇ ವಾಟ್ಸ್ಯಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಮೊದಲೇ ಅನೇಕ ಬಾರಿ ದಾಟಿಬಂದ ಸಂದೇಶಗಳನ್ನು ಒಂದು ಕಡೆಗೆ ಮಾತ್ರ ಕಳುಹಿಸಬಹುದೆಂದು ಬಿಗಿಗೊಳಿಸಿತು. ಅದರಿಂದ ಅಂಥ ಸಂದೇಶಗಳು ಶೇಕಡ 70ರಷ್ಟು ಇಳಿದುವೆಂದು ಸಂಸ್ಥೆಯೇ ಹೇಳಿಕೊಂಡಿದೆ. ಮನುಷ್ಯರ ವಿವೇಕ ಬೆಳೆಯಿತೆಂದು ಇದರ ಅರ್ಥವಲ್ಲ. ಬೆರಳಿಗೆ ತುಸು ತೊಂದರೆಯಾಯಿತು, ಅಷ್ಟೆ. ಗುಣವ್ರತವಾಗಿ ಸ್ವೀಕರಿಸಬೇಕಾಗಿದ್ದ ಮಿತಿಯನ್ನು ಕ್ಯಾಲಿಫೋರ್ನಿಯಾದ ಕಂಪನಿಯೊಂದು ಯಂತ್ರದ ಮೂಲಕ ವಿಧಿಸಬೇಕಾಗಿ ಬಂದುದು ಸಂತೋಷಪಡುವ ವಿಷಯವೇನಲ್ಲ.

ಬಸದಿಗಳ ಟ್ರಸ್ಟುಗಳೂ ಯುವಕ ಮಂಡಲಗಳೂ ಮಹಿಳಾ ಸಮಾಜಗಳೂ ಈಗ ಒಂದೊಂದು ಗುಂಪನ್ನು ನಡೆಸುತ್ತಿವೆ. ಅವುಗಳ ‘ಅಡ್ಮಿನ್’ ಎಂಬ ಮೇಲ್ವಿಚಾರಕರ ಹೊಣೆಯೇನು? ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ 2021ರಲ್ಲಿಯೂ, ಕೇರಳ ಉಚ್ಚ ನ್ಯಾಯಾಲಯ 2022ರಲ್ಲಿಯೂ, ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಬರಹಕ್ಕೆ ಅಡ್ಮಿನ್ ತನ್ನಿಂತಾನೇ ಅಪರಾಧಿಯಾಗಲಾರನೆಂದು ತೀರ್ಪಿತ್ತಿವೆ. ಕಾನೂನಿನ ದೃಷ್ಟಿಯಿಂದ ಇದು ನ್ಯಾಯವೇ. ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಸೆರೆಮನೆಗೆ ಕಳುಹಿಸಲಾಗದು. ಆದರೆ ಈ ತೀರ್ಪುಗಳನ್ನು ತೋರಿಸಿ, ಬಸದಿಯ ಹೆಸರಿನ ಗುಂಪಿನಲ್ಲಿ ನಡೆಯುವ ಜಾತಿನಿಂದೆ, ಮತನಿಂದೆ, ವ್ಯಕ್ತಿನಿಂದೆಗಳಿಗೆಲ್ಲ ಕಣ್ಣುಮುಚ್ಚಿ ಕುಳಿತುಕೊಳ್ಳುವ ಧರ್ಮದರ್ಶಿಗೆ ಕೃತ-ಕಾರಿತ-ಅನುಮೋದಿತದ ಸೂತ್ರ ರಕ್ಷಣೆ ಕೊಡುವುದಿಲ್ಲ. ಮೂಲನಾಯಕನ ಭಾವಚಿತ್ರವನ್ನು ಗುಂಪಿನ ನೆತ್ತಿಯ ಮೇಲಿಟ್ಟು, ಅದರ ಕೆಳಗೆ ಚುನಾವಣೆಯ ಜಗಳವನ್ನು ನಡುರಾತ್ರಿಯವರೆಗೆ ನಡೆಸುವ ಗುಂಪುಗಳು ಇಲ್ಲದಿಲ್ಲ. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆಗಳೆಂಬ ನಾಲ್ಕೂ ವಿಕಥೆಗಳು ಅಲ್ಲಿ ಒಂದೇ ದಿನದಲ್ಲಿ ಸಂಪನ್ನವಾಗುತ್ತವೆ. (ಭಕ್ತಕಥೆಯೆಂದರೆ ಅನ್ನಪಾನಗಳ ಕುರಿತ ಹರಟೆ, ಏಕಾಶನದ ದಿನ ಊಟದ ತಟ್ಟೆಯ ಚಿತ್ರ ಹಾಕುವವರು ಇದನ್ನು ಗಮನಿಸುವುದು ಲೇಸು.)

ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳನ್ನು ಒಮ್ಮೆ ಎದುರಿಗಿಟ್ಟುಕೊಂಡರೆ ಈ ಗುಂಪುಗಳ ದಿನಚರಿಯೇ ಕಣ್ಣಮುಂದೆ ಬಂದಂತಾಗುತ್ತದೆ. ಮಿಥ್ಯೋಪದೇಶ ಎಂಬುದಕ್ಕೆ 2020-21ರ ಮಹಾಮಾರಿಯ ಕಾಲದಲ್ಲಿ ಹರಿದಾಡಿದ ಹುಸಿಮದ್ದುಗಳೇ ಸಾಕ್ಷಿ. ಕೂಟಲೇಖಕ್ರಿಯೆ ಎಂದರೆ ಹಿಂದೆ ಸುಳ್ಳು ದಸ್ತಾವೇಜು. ಇಂದು ಮುಂದಿನ ಹಿಂದಿನ ಸಾಲುಗಳನ್ನು ಕತ್ತರಿಸಿ ತೋರಿಸುವ ಮಾತುಕತೆಯ ಚಿತ್ರ, ಯಂತ್ರಬುದ್ಧಿಯಿಂದ ರಚಿಸಿದ ಹುಸಿ ಧ್ವನಿ. ರಹೋಭ್ಯಾಖ್ಯಾನ, ಸಾಕಾರಮಂತ್ರಭೇದಗಳು ಗುಟ್ಟನ್ನು ಬಯಲು ಮಾಡುವುದರ ಎರಡು ಬಗೆಗಳು: ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು ಒಂದು; ಮುಖಭಾವದಿಂದ ಇನ್ನೊಬ್ಬರ ಅಭಿಪ್ರಾಯವನ್ನು ಊಹಿಸಿ ಅಸೂಯೆಯಿಂದ ಪ್ರಕಟಿಸುವುದು ಇನ್ನೊಂದು. ಇಬ್ಬರ ನಡುವಿನ ಬರಹವನ್ನು ಮೂರನೆಯವರಿಗೆ ‘ಸ್ಕ್ರೀನ್‌ಶಾಟ್’ ತೆಗೆದು ಕಳುಹಿಸುವುದು ಈಗ ತಪ್ಪೆಂದೇ ಯಾರಿಗೂ ಅನ್ನಿಸುತ್ತಿಲ್ಲ.

ಐದನೆಯದಾದ ನ್ಯಾಸಾಪಹಾರದ ಬಗ್ಗೆ ಹೆಚ್ಚು ವಿಚಾರ ಮಾಡಬೇಕಾಗಿದೆ. ಒಬ್ಬನು ಹತ್ತು ನಾಣ್ಯಗಳನ್ನು ಒತ್ತೆಯಿಟ್ಟು, ಮರೆತು ಎಂಟನ್ನು ಕೇಳಿದಾಗ, ‘ಹೌದು, ಎಂಟೇ’ ಎಂದು ಕೊಟ್ಟು ಸುಮ್ಮನಾಗುವುದು ನ್ಯಾಸಾಪಹಾರ. ಕದ್ದದ್ದಲ್ಲ, ಕೇಳಿದ್ದನ್ನು ಕೊಟ್ಟಿದ್ದೂ ಆಯಿತು; ಆದರೂ ಆಚಾರ್ಯರು ಇದನ್ನು ಸತ್ಯದ ಅತಿಚಾರವೆಂದರು, ಏಕೆಂದರೆ ಇಲ್ಲಿ ಸುಳ್ಳು ಮೌನದಲ್ಲಿದೆ. ಇಂದು ಸಮಾಜ ಬಾಂಧವರು ಒಬ್ಬರನ್ನೊಬ್ಬರು ನಂಬಿ ಒಪ್ಪಿಸುವ ದೊಡ್ಡ ನ್ಯಾಸವೆಂದರೆ ವಧೂವರರ ವಿವರಪತ್ರ. ಹೆಣ್ಣುಮಗಳ ಭಾವಚಿತ್ರ, ಜನ್ಮದಿನಾಂಕ, ಜನನ ವೇಳೆ, ಕೆಲಸದ ಸ್ಥಳ, ಸಂಬಳ, ಮನೆಯ ವಿಳಾಸ, ತಂದೆಯ ದೂರವಾಣಿ ಸಂಖ್ಯೆ, ಇಷ್ಟೂ ಒಂದೇ ಹಾಳೆಯಲ್ಲಿ. ಹಿಂದೆ ಅದು ಒಬ್ಬ ಹಿರಿಯರ ಜೇಬಿನಲ್ಲಿ, ಒಂದೆರಡು ಮನೆಗಳ ನಡುವೆ ಓಡಾಡುತ್ತಿತ್ತು; ಸಂಬಂಧ ಕೂಡದಿದ್ದರೆ ಭಾವಚಿತ್ರವನ್ನು ಹಿಂದಿರುಗಿಸುವುದು ಮರ್ಯಾದೆಯಾಗಿತ್ತು. ಈಗ ಒಂದು ಗುಂಪಿಗೆ 1,024 ಮಂದಿಯವರೆಗೆ ಸೇರಬಹುದು. ಒಬ್ಬರಿಂದ ಇನ್ನೊಂದು ಗುಂಪಿಗೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತದೆ. ಮದುವೆಯಾಗಿ ಮಗುವಾದ ಮೇಲೂ ಆ ಹಾಳೆ ಎಲ್ಲೋ ಒಂದು ಕಡೆ ‘ಯೋಗ್ಯ ವರ ಬೇಕಾಗಿದ್ದಾನೆ’ ಎನ್ನುತ್ತಲೇ ಇರುತ್ತದೆ. ಆ ಸಂಖ್ಯೆಗೆ ಅಪರಿಚಿತರ ಕರೆಗಳು ಬಂದರೆ ಹೊಣೆ ಯಾರದು? ‘ಒಳ್ಳೆಯ ಉದ್ದೇಶದಿಂದ ಹಾಕಿದೆವು’ ಎಂಬ ಉತ್ತರ ಸಾಲದು. ಒತ್ತೆ ಪಡೆದವನ ಉದ್ದೇಶ ಒಳ್ಳೆಯದೇ ಇದ್ದರೂ ಎಂಟು ನಾಣ್ಯ ಹತ್ತಾಗುವುದಿಲ್ಲ. ವಿವರಪತ್ರ ಕೇಳಿದ ಮನೆಯವರಿಗೆ ಮಾತ್ರ ಕೊಡುವುದು, ಸಂಖ್ಯೆಯ ಬದಲು ಟ್ರಸ್ಟಿನ ಕಾರ್ಯದರ್ಶಿಯ ಮೂಲಕ ಸಂಪರ್ಕ ಏರ್ಪಡಿಸುವುದು, ನಿಶ್ಚಿತಾರ್ಥವಾದೊಡನೆ ಅಳಿಸುವುದು, ಇವು ಕಷ್ಟದ ಕೆಲಸಗಳಲ್ಲ. ಬೇಸರದ ಕೆಲಸಗಳು, ನಿಜ. ವಿಶ್ವಾಸದ ಕೆಲಸಗಳೆಲ್ಲವೂ ಬೇಸರದವೇ. ಕಿರ್ದಿ ಬರೆಯುವುದು ಯಾರಿಗೆ ಪ್ರಿಯ?

ಗುಟ್ಟಿನ ಮಾತು ಬಂದಾಗ ಕೆಲವರು ಉಪಗೂಹನ ಅಂಗವನ್ನು ಮುಂದೊಡ್ಡುತ್ತಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ದೃಷ್ಟಾಂತನಾದವನು ಜಿನೇಂದ್ರಭಕ್ತನೆಂಬ ಶ್ರೇಷ್ಠಿ. ವ್ರತಿಯ ವೇಷ ಧರಿಸಿ ಬಂದ ಕಳ್ಳನು ಚೈತ್ಯಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ಧರ್ಮಕ್ಕೆ ಅಪವಾದ ಬಾರದಿರಲೆಂದು ಶ್ರೇಷ್ಠಿಯು ಜನರ ಮುಂದೆ ‘ನಾನೇ ತರಹೇಳಿದ್ದೆ’ ಎಂದನು. ಇಷ್ಟನ್ನೇ ಹೇಳಿ ನಿಲ್ಲಿಸುವವರು ಕಥೆಯ ಅರ್ಧವನ್ನು ಮಾತ್ರ ಬಲ್ಲವರು. ಅವನನ್ನು ಏಕಾಂತದಲ್ಲಿ ಕಠಿಣವಾಗಿ ದಂಡಿಸಿ ಹೊರಗಟ್ಟಿದನೆಂಬುದು ಉಳಿದರ್ಧ. ರತ್ನವಂತೂ ಚೈತ್ಯಾಲಯಕ್ಕೆ ಮರಳಿತ್ತು. ಆದುದರಿಂದ ಟ್ರಸ್ಟಿನ ಲೆಕ್ಕ ಕೇಳಿದ ಸದಸ್ಯನನ್ನು ಗುಂಪಿನಿಂದ ತೆಗೆದುಹಾಕಿ ಅದನ್ನು ಉಪಗೂಹನವೆಂದು ಕರೆಯುವುದು ಕಥೆಗೆ ಮಾಡಿದ ಅಪಚಾರ. ಅಷ್ಟೇ ಅಪಚಾರ, ಒಂದು ರಸೀದಿಯ ಸಂದೇಹವನ್ನು ಮೊದಲು ಕೋಶಾಧಿಕಾರಿಯ ಬಳಿ ಕೇಳದೆ, ಐನೂರು ಜನರ ಮುಂದೆ ‘ಕಳ್ಳ’ನೆಂದು ಸಾರುವುದು. ಲೆಕ್ಕಕ್ಕೆ ಸ್ಥಳ ಸೂಚನಾ ಫಲಕ ಮತ್ತು ವಾರ್ಷಿಕ ಸಭೆ. ಸಂದೇಹಕ್ಕೆ ಸ್ಥಳ ಎದುರುಬದುರಿನ ಎರಡು ಕುರ್ಚಿಗಳು. ಎರಡನ್ನೂ ಗುಂಪಿನಲ್ಲಿಯೇ ಮುಗಿಸಹೊರಟದ್ದರಿಂದ ಲೆಕ್ಕವೂ ಸ್ಪಷ್ಟವಾಗದೆ ಮನಸ್ಸೂ ಒಡೆದ ಉದಾಹರಣೆಗಳು ಊರೂರಿನಲ್ಲಿ ಇವೆ.

ಬರೆದುದನ್ನು ಅಳಿಸಬಹುದಲ್ಲ ಎಂಬ ಸಮಾಧಾನವೂ ಹುರುಳಿಲ್ಲದ್ದು. ಎಲ್ಲರ ಬಳಿಯೂ ಅಳಿಸುವ ಸೌಲಭ್ಯ 2017ರಲ್ಲಿ ಬಂದಾಗ ಏಳು ನಿಮಿಷಗಳ ಅವಧಿಯಿತ್ತು. ಈಗ ಅದು ಎರಡು ದಿನಗಳಿಗೂ ಹೆಚ್ಚು. ಅಳಿಸಿದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಉಳಿದು ಕುತೂಹಲವನ್ನು ಇನ್ನಷ್ಟು ಕೆರಳಿಸುತ್ತದೆ. ಪ್ರತಿಕ್ರಮಣದಲ್ಲಿ ತಪ್ಪನ್ನು ಹೆಸರಿಸಿ ಹಿಂದೆಗೆದುಕೊಳ್ಳುತ್ತಾರೆ. ಇಲ್ಲಿ ಹೆಸರಿಸದೆಯೇ ಮಾಯಮಾಡುತ್ತಾರೆ. ಸುಳ್ಳು ಸುದ್ದಿ ಹಾಕಿದವರು ಅದನ್ನು ಅಳಿಸುವ ಮೊದಲು, ‘ನಿನ್ನೆ ನಾನು ಹಾಕಿದ ಈ ವಿಷಯ ಸುಳ್ಳು’ ಎಂದು ಅಷ್ಟೇ ಮಂದಿಯ ಮುಂದೆ ಬರೆಯುವುದು ಎಷ್ಟು ಗುಂಪುಗಳಲ್ಲಿ ರೂಢಿಯಲ್ಲಿದೆ?

ಈ ಜಾಲಗಳಿಂದ ಆದ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನೆಯನ್ನು ಆತ್ಮಹತ್ಯೆಗೆ ಸಮವೆಂದಾಗ, ಎರಡೇ ವಾರಗಳಲ್ಲಿ ದೇಶದಾದ್ಯಂತ ಮೌನ ಮೆರವಣಿಗೆಗಳು ನಡೆದವು. ಆ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. 2020ರಲ್ಲಿ ಬಸದಿಗಳ ಬಾಗಿಲು ಮುಚ್ಚಿದಾಗ ಮುನಿಮಹಾರಾಜರ ಪ್ರವಚನಗಳು ಮನೆಮನೆಗೆ ತಲಪಿದ್ದು ಈ ಪರದೆಯ ಮೂಲಕವೇ. ಅಮೆರಿಕದಲ್ಲಿರುವ ಮೊಮ್ಮಕ್ಕಳು ಅಜ್ಜಿಯ ಜೊತೆಗೆ ಕುಳಿತು ಸ್ವಾಧ್ಯಾಯ ಕೇಳುವಂತಾದುದೂ ಇದರಿಂದಲೇ. ಸಮ್ಮೇದಶಿಖರ್ಜಿಯ ವಿಷಯದಲ್ಲಿ ಸಮಾಜ ಒಗ್ಗೂಡಿ ನಿಂತ ಮೇಲೆ, ಕೇಂದ್ರ ಪರಿಸರ ಸಚಿವಾಲಯವು 2023ರ ಜನವರಿ 5ರಂದು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳನ್ನು ತಡೆಹಿಡಿಯಿತು. ಇಲ್ಲಿಯೂ ಒಂದು ಮಾತು. ವಿವಾದಕ್ಕೆ ಕಾರಣವಾದ ಅಧಿಸೂಚನೆ ಹೊರಟದ್ದು 2019ರ ಆಗಸ್ಟ್‌ನಲ್ಲಿ. ಮೂರು ವರ್ಷಗಳ ಕಾಲ ಅದು ಸರ್ಕಾರಿ ರಾಜಪತ್ರದಲ್ಲಿ ಎಲ್ಲರಿಗೂ ಲಭ್ಯವಿತ್ತು. ಸಂದೇಶಗಳನ್ನು ದಾಟಿಸಿದ ಲಕ್ಷಾಂತರ ಮಂದಿಯಲ್ಲಿ ಆ ಅಧಿಸೂಚನೆಯನ್ನು ತೆರೆದು ಓದಿದವರು ಎಷ್ಟೋ? ಸ್ವಾಧ್ಯಾಯಪ್ರಿಯರೆಂದು ಹೆಸರಾದ ಸಮಾಜದಲ್ಲಿ ಓದು ದಾಟಿಸುವಿಕೆಗಿಂತ ಮುಂದಿರಬೇಕಾಗಿತ್ತು.

ಮರಣವಾರ್ತೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಒಬ್ಬ ಹಿರಿಯರು ತೀರಿಕೊಂಡ ಸುದ್ದಿ ಗುಂಪಿಗೆ ಬಂದ ಹತ್ತು ನಿಮಿಷಗಳಲ್ಲಿ ಮುನ್ನೂರು ಕೈಮುಗಿದ ಚಿಹ್ನೆಗಳು ಸಾಲುಗಟ್ಟುತ್ತವೆ. ಆ ಸಾಲಿನ ನಡುವೆ ಶವಸಂಸ್ಕಾರದ ವೇಳೆ, ಸ್ಥಳಗಳ ಸೂಚನೆ ಹೂತುಹೋಗುತ್ತದೆ. ಹತ್ತಿರದ ಬೀದಿಯವರೂ ಚಿಹ್ನೆ ಒತ್ತಿದೆವಲ್ಲ ಎಂದು ಮನೆಯಲ್ಲಿಯೇ ಉಳಿಯುತ್ತಾರೆ. ವಾತ್ಸಲ್ಯ ಅಂಗಕ್ಕೆ ಕಾಲುಗಳೂ ಬೇಕೆಂಬುದನ್ನು ಟ್ರಸ್ಟುಗಳು ಯುವಕರಿಗೆ ತಿಳಿಸಿಕೊಡಬೇಕಾಗಿದೆ.

ಟ್ರಸ್ಟುಗಳಿಗೆ ಸಾಧ್ಯವಾದ ಕೆಲಸಗಳು ಸಾಕಷ್ಟಿವೆ. ಅಡ್ಮಿನ್ ಮಾತ್ರ ಬರೆಯಬಹುದಾದ ವ್ಯವಸ್ಥೆ 2018ರಿಂದಲೂ ಇದೆ. ಬಸದಿಯ ಸೂಚನೆಗಳಿಗೆ ಅಂಥದೊಂದು ಗುಂಪು ಸಾಕು, ಹರಟೆಗೆ ಬಸದಿಯ ಹೆಸರು ಬೇಡ. ಒಪ್ಪಿಗೆ ಕೇಳದೆ ಯಾರನ್ನೂ ಸೇರಿಸಬಾರದು. ಸಾಮಾಯಿಕದ 48 ನಿಮಿಷ ದೂರವಾಣಿಯನ್ನು ಬೇರೆ ಕೋಣೆಯಲ್ಲಿಡುವ ಅಭ್ಯಾಸವನ್ನು ಪಾಠಶಾಲೆಯ ಮಕ್ಕಳಿಗಿಂತ ಮೊದಲು ಧರ್ಮದರ್ಶಿಗಳು ಮಾಡಬೇಕು.

ಕ್ಷಮಾವಣಿಯ ದಿನಕ್ಕಂತೂ ಆ ಯಂತ್ರದಲ್ಲಿಯೇ ಒಂದು ನೆರವು ಅಡಗಿದೆ. ಕಳೆದ 60 ದಿನಗಳಲ್ಲಿ ಗುಂಪನ್ನು ತೊರೆದವರ ಹೆಸರುಗಳನ್ನು ಅದು ಪಟ್ಟಿಮಾಡಿ ತೋರಿಸುತ್ತದೆ. ಊರು ಬಿಟ್ಟವರು, ಗುಂಪು ಬೇಡವಾದವರು ಅದರಲ್ಲಿ ಕೆಲವರಿರಬಹುದು. ಮಾತು ತಾಗಿ ಹೊರಬಿದ್ದವರೂ ಇರುತ್ತಾರೆ. ಚಿತ್ರಗಳನ್ನು ಕಳುಹಿಸುವ ಬದಲು ಕಾರ್ಯದರ್ಶಿಯೂ ಒಬ್ಬಿಬ್ಬರು ಹಿರಿಯರೂ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಆ ದಿನ ಬೆಳಿಗ್ಗೆ ಅಭಿಷೇಕ ಮುಗಿದ ಮೇಲೆ ಅವರ ಮನೆಗಳಿಗೆ ಹೋಗಿ ಬರಬಹುದು. ಅದಕ್ಕೂ ಮೊದಲು ಹೊರಟುಹೋದವರ ವಿಳಾಸಗಳು ಬಸದಿಯ ಹಳೆಯ ಸದಸ್ಯರ ದಾಖಲೆ ಪುಸ್ತಕದಲ್ಲಿ ಇದ್ದೇ ಇರುತ್ತವೆ.